ನಾನೊಬ್ಬನೇ ಎತ್ತಬಲ್ಲ ಗಾಡಿ

ಮನೆಯಲ್ಲಿ ಒಂದು ಗಾಡಿ ಇರುವಾಗ ಇನ್ನೊಂದು ಯಾಕೆ ಎಂದು ಕೇಳದವರಿಲ್ಲ. ನೆರೆಯವರು ಕೇಳಿದರು, ಬೀಗರು ಕೇಳಿದರು, ಅಂಗಡಿಗೆ ಬಂದ ಗಿರಾಕಿಗಳು ಕೇಳಿದರು. ಬೀದರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ನಾನೇ ಮೂಗಿನ ಮೇಲೆ ಕೂರಿಸಿಕೊಟ್ಟ ಕನ್ನಡಕದಿಂದ ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ಈ ವಯಸ್ಸಿನಾಗ ಎರಡನೇ ಗಾಡಿ ಬೇಕೇನ್ರಿ ನಿಮಗ?" ಎಂದು ಬುದ್ಧಿ ಹೇಳಿದವರಿದ್ದಾರೆ. ಊರ ಅರ್ಧ ಜನಕ್ಕೆ ದೂರದ್ದು ಕಾಣುವ ಹಾಗೆ ಮಾಡಿದವನಿಗೆ ತನಗೇನು ಬೇಕೆಂಬುದು ಕಾಣುವುದಿಲ್ಲವೇ? ನನಗೆ ಸಿಟ್ಟು ಬೇಗ ಬರುತ್ತದೆ, ಬಂದಷ್ಟೇ ಬೇಗ ಇಳಿಯುತ್ತದೆ. ಆ ದಿನಗಳಲ್ಲಿ ಮಾತ್ರ ಇಳಿಯುತ್ತಿರಲಿಲ್ಲ.

ಮೊದಲನೆಯ ಗಾಡಿ ದೊಡ್ಡ ಮೋಟಾರ್‌ಸೈಕಲ್ಲು, ಭಾರದ್ದು. ಅದರ ಸದ್ದು ಓಣಿಯ ತಿರುವಿನಲ್ಲಿ ಕೇಳಿದರೆ ಮನೆಯಲ್ಲಿ ಒಲೆಯ ಮೇಲೆ ಚಹಾ ಏರುತ್ತಿತ್ತು. ಹೆಂಡತಿ ಅದಕ್ಕೆ ಕ್ವಾಣ, ಅಂದರೆ ಕೋಣ, ಎಂದು ಹೆಸರಿಟ್ಟಿದ್ದಳು. ಎರಡು ಚೀಲ ಜೋಳದ ತೂಕ ಅದಕ್ಕೆ. ಡಾಂಬರು ರಸ್ತೆಯಲ್ಲಿ ಹೊರಟರೆ ಕೂತವನು ಅರಸ. ಡಾಂಬರು ಬಿಟ್ಟು ಇಳಿದರೆ ಗಾಡಿ ತನ್ನ ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳುತ್ತಿತ್ತು. ನನಗೋ ಭಾನುವಾರ ಬಂತೆಂದರೆ ಡಾಂಬರು ಬಿಟ್ಟು ಇಳಿಯುವ ಚಟ. ಅಷ್ಟೂರಿನ ಗುಮ್ಮಟಗಳ ಹಿಂದೆ ಹೊಲಗಳ ನಡುವೆ ನುಸುಳುವ ಬಂಡಿದಾರಿ, ಜಂಬಿಟ್ಟಿಗೆ ಗುಡ್ಡದ ಅಂಚಿಗೆ ಹೋಗಿ ಥಟ್ಟನೆ ನಿಲ್ಲುವ ಕಾಲುದಾರಿ, ಯಾವ ಊರಿಗೂ ಹೋಗದೆ ಒಂದು ಬಾವಿಯ ಹತ್ತಿರ ಮುಗಿದುಹೋಗುವ ದಾರಿ, ಇಂಥವೇ ನನಗೆ ಬೇಕು. ಗುಡ್ಡದ ಅಂಚಿನಲ್ಲಿ ಗಾಡಿ ನಿಲ್ಲಿಸಿ ಕೆಳಗೆ ನೋಡಿದರೆ ನೆಲ ಕಣ್ಣು ಸೋಲುವವರೆಗೂ ಹಾಸಿಕೊಂಡಿರುತ್ತದೆ. ವಾರವೆಲ್ಲ ಒಂದು ಸಣ್ಣ ಕೋಣೆಯಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುವವನು ನಾನು. ಇಷ್ಟೊಂದು ದೂರ ಎನ್ನುವುದು ಜಗತ್ತಿನಲ್ಲಿ ಇದೆಯಲ್ಲ, ಅದನ್ನು ನೋಡುವುದಕ್ಕೆ ದುಡ್ಡು ಕೊಡಬೇಕಾಗಿಲ್ಲವಲ್ಲ ಎಂದು ಪ್ರತಿ ಸಲವೂ ಬೆರಗಾಗುತ್ತಿದ್ದೆ.

ಹೋದ ಚಳಿಗಾಲದ ಒಂದು ಭಾನುವಾರ ಬಗದಲ್ ಆಚೆ ಒಂದು ಒಳದಾರಿಯಲ್ಲಿ ಕ್ವಾಣ ಮಲಗಿಬಿಟ್ಟಿತು. ವೇಗವೇನೂ ಇರಲಿಲ್ಲ, ನಡೆಯುವವರೂ ನಮ್ಮನ್ನು ಹಿಂದೆ ಹಾಕಬಹುದಿತ್ತು. ತಿರುವಿನಲ್ಲಿ ಸಣ್ಣ ಹರಳುಕಲ್ಲು ಇತ್ತು, ಮುಂದಿನ ಗಾಲಿ ಜಾರಿತು, ಅಷ್ಟೆ. ಎಡಗಾಲು ಗಾಡಿಯ ಕೆಳಗೆ ಉಳಿಯಿತು. ಎಲುಬು ಮುರಿಯಲಿಲ್ಲ, ರಕ್ತ ಬರಲಿಲ್ಲ, ಆದರೆ ಕಾಲು ಎಳೆದುಕೊಳ್ಳುವುದಕ್ಕೂ ಆಗಲಿಲ್ಲ, ಗಾಡಿ ಎತ್ತುವುದಕ್ಕೂ ಆಗಲಿಲ್ಲ. ಸೊಂಟ ಕಳಕ್ಕೆಂದಿತ್ತು. ಜೇಬಿನಲ್ಲಿದ್ದ ಫೋನು ನನ್ನದೇ ಮೈಯ ಅಡಿಯಲ್ಲಿ ಸಿಕ್ಕಿಕೊಂಡು ಹೊಡೆದುಕೊಳ್ಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹೊಡೆದುಕೊಳ್ಳುತ್ತಿತ್ತು. ಬಿಸಿಲು ಏರಿತು. ಬಹಳ ಹೊತ್ತಿನ ಮೇಲೆ ಒಂದು ಕುರಿ ಬಂದು ನನ್ನ ಮುಖ ಮೂಸಿತು. ಅದರ ಹಿಂದೆ ಹಿಂಡು, ಹಿಂಡಿನ ಹಿಂದೆ ಇಬ್ಬರು ಕುರುಬರು. ಅವರು ಒಂದು ಮಾತೂ ಕೇಳದೆ ಹೆಗಲು ಕೊಟ್ಟು ಗಾಡಿ ಎತ್ತಿ ನಿಲ್ಲಿಸಿ, ನನಗೆ ನೀರು ಕುಡಿಸಿ, ಕುರಿಗಳ ಹಿಂದೆ ಹೋದರು.

ಈ ಕಥೆಯನ್ನು ಮನೆಯಲ್ಲಿ, ಅಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ನಗುತ್ತ ಹೇಳಿದೆ. ಕುರಿ ಮೂಸಿದ ಜಾಗಕ್ಕೆ ಬಂದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಹಾಗಿತ್ತು ನನ್ನ ಹೇಳುವ ರೀತಿ. ಹೆಂಡತಿ ಮಾತ್ರ ಒಂದು ಸಲವೂ ನಗಲಿಲ್ಲ. ಅವಳು ಸಾಲೆಯಲ್ಲಿ ಗಣಿತ ಕಲಿಸುವವಳು. ಲೆಕ್ಕ ಬಿಡಿಸುವವರೆಗೆ ಮುಖದಲ್ಲಿ ಏನೂ ತೋರಿಸುವುದಿಲ್ಲ.

ಸೊಂಟ ಸರಿಹೋದ ಮೇಲೆ ಒಂದು ಬೆಳಿಗ್ಗೆ ನಾನು ಮೆಲ್ಲಗೆ ಮಾತು ತೆಗೆದೆ: ಕ್ವಾಣ ಅಂಗಡಿಗೆ ಹೋಗಿ ಬರಲು ಇರಲಿ, ಭಾನುವಾರಕ್ಕೆಂದು ಒಂದು ಹಗುರ ಗಾಡಿ ತರುತ್ತೇನೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ತೊಗೊಳ್ರಿ. ನಾ ಬ್ಯಾಡ ಅನ್ನಲ್ಲ," ಅಂದಳು. "ಆದರ ಬಿದ್ದ ಗಾಡಿ ನೀವೊಬ್ಬರೇ ಎತ್ತಬೇಕು. ನನ್ನ ಕಣ್ಣ ಮುಂದ ಎತ್ತಿ ತೋರಸಬೇಕು. ಎತ್ತಿದ್ರ ಐತಾರ ನಿಮ್ದು. ಇಲ್ಲಂದ್ರ ಐತಾರ ಮನ್ಯಾಗ ಕೂಡ್ರಿ."

"ಇದೆಂಥಾ ಕರಾರು?" ಎಂದು ನಾನು ರೇಗಿದೆ.

"ಎತ್ತಿ ತೋರಸ್ರಿ," ಅಂದಳು. ಮುಂದಿನ ನನ್ನ ಮಾತೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಹೀಗೆ ಶುರುವಾಯಿತು ನನ್ನ ಗಾಡಿ ಹುಡುಕಾಟ. ಬೇರೆಯವರು ಗಾಡಿ ಕೊಳ್ಳುವಾಗ ಎಷ್ಟು ಓಡುತ್ತದೆ, ಎಷ್ಟು ಎಣ್ಣೆ ಕುಡಿಯುತ್ತದೆ ಎಂದು ಕೇಳುತ್ತಾರೆ. ನಾನು ಶೋರೂಮಿನೊಳಗೆ ಕಾಲಿಟ್ಟು, "ಇದನ್ನ ಒಂದು ಸಲ ನೆಲಕ್ಕ ಮಲಗಿಸಿ ನೋಡಬಹುದೇನ್ರಿ?" ಎಂದು ಕೇಳುತ್ತಿದ್ದೆ. ಬೀದರಿನ ಮೊದಲನೆಯ ಶೋರೂಮಿನಲ್ಲಿ ಟೈ ಕಟ್ಟಿಕೊಂಡ ತರುಣ ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕ. ನಾನು ನಗಲಿಲ್ಲವೆಂದು ಗೊತ್ತಾದ ಮೇಲೆ ಒಳಗೆ ಹೋಗಿ ಯಜಮಾನರನ್ನು ಕರೆತಂದ. ಅವರು ಕೈ ಮುಗಿದೇ ಬಂದರು.

"ಹೊಸಾ ಗಾಡಿರಿ ಸರ್. ನಿಂಬೀಹಣ್ಣು ಸುದ್ದಾ ಇನ್ನಾ ಗಾಲಿಗಿ ತಾಕಿಲ್ಲ. ಅದಕ್ಕ ಪೂಜಾಕ್ಕ ಮೊದಲೇ ಮಲಗಸಿದ್ರ ಹ್ಯಾಂಗ್ರಿ? ನನ್ನ ಅಂಗಡಿಗಿ ಛಲೋ ಆಗ್ತದೇನ್ರಿ?"

ಅವರ ಮಾತಿನಲ್ಲಿ ನ್ಯಾಯವಿತ್ತು. ನಮ್ಮ ಕಡೆ ಹೊಸ ಗಾಡಿ ಬಂದರೆ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಹೆಂಗಸರು ಆರತಿ ಎತ್ತಿ, ಆಮೇಲೆ ಅದನ್ನು ಒಂದು ಸುತ್ತು ಓಡಿಸುತ್ತಾರೆ. ಬೀಳುವ ಮಾತನ್ನು ಅದರ ಎದುರು ಆಡುವವರೇ ಇಲ್ಲ. ಅಂಥದ್ದರಲ್ಲಿ ಪೇಟೆಯ ಒಬ್ಬ ಮರ್ಯಾದಸ್ಥ ಬಂದು ಅದನ್ನು ಬೀಳಿಸಿ ತೋರಿಸಿರಿ ಎಂದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ? ಎರಡನೆಯ ಶೋರೂಮಿಗೆ ಹೋಗುವಷ್ಟರಲ್ಲಿ ನನ್ನ ಸುದ್ದಿ ಅಲ್ಲಿಗೆ ಮೊದಲೇ ಮುಟ್ಟಿತ್ತು. ಅವರು ನನಗೆ ಚಹಾ ಕುಡಿಸಿ, ಗಾಡಿಗಳಿಂದ ದೂರ ಕೂರಿಸಿ, ಬಣ್ಣದ ಚಿತ್ರಗಳನ್ನಷ್ಟೇ ತೋರಿಸಿ ಕಳಿಸಿದರು.

ಕೊನೆಗೆ ಭಾಲ್ಕಿಯಲ್ಲಿ ಹಳೆಯ ಗಾಡಿ ಮಾರುವ ಒಬ್ಬ ಹಿರಿಯರ ಸುಳಿವು ಸಿಕ್ಕಿತು. ಎಲ್ಲರೂ ಚಾಚಾ ಅನ್ನುತ್ತಾರೆ. ಮುರುಮು ಮಣ್ಣು ಹಾಕಿದ ಅಗಲ ಅಂಗಳ, ಬೇವಿನ ನೆರಳು, ನೆರಳಲ್ಲಿ ಸಾಲಾಗಿ ನಿಂತ ಹಳೆಯ ಗಾಡಿಗಳು. ಹೆಂಡತಿಯನ್ನೂ ಕರೆದುಕೊಂಡೇ ಹೋಗಿದ್ದೆ. ನನ್ನ ಬೇಡಿಕೆ ಕೇಳಿ ಚಾಚಾ ಗಡ್ಡ ನೀವಿಕೊಂಡರು, ಆಮೇಲೆ ಅವರ ಇಡೀ ಮುಖ ಅರಳಿತು.

"ಮಲಗಸ್ರಿ ಸಾಬ್, ಮಲಗಸ್ರಿ! ಬೀಳಲಾರದ ಗಾಡಿ ಯಾರು ನೋಡ್ಯಾರ? ಮೂವತ್ತು ವರ್ಷ ಆತು ಧಂದಾ ಮಾಡ್ಲಾಕತ್ತು, ಎಲ್ಲಾರೂ ಓಡಸಿ ನೋಡ್ತಾರ, ಎತ್ತಿ ನೋಡಾವ್ರು ನೀವೇ ಪೈಲೇ ಆದ್ಮಿ."

ಅವರು ತೋರಿಸಿದ್ದು ಒಂದು ಸಣಕಲು ಗಾಡಿ. ಈಗ ಅಂಥವು ತಯಾರಾಗುವುದಿಲ್ಲ. ಸಪೂರ ಪೆಟ್ರೋಲ್ ಟಾಕಿ, ಸೈಕಲ್ಲಿಗಿಂತ ತುಸು ದಪ್ಪ ಗಾಲಿ, ಬಣ್ಣ ಮಾಸಿದ ಮೈ, ಆದರೆ ಒಂದೇ ಒದೆತಕ್ಕೆ ಚಾಲೂ ಆಗಿ ಹಕ್ಕಿ ಗಂಟಲು ಸರಿಮಾಡಿಕೊಂಡ ಹಾಗೆ ಸದ್ದು ಮಾಡಿತು. ಮೊದಲು ಅದನ್ನು ಇಟ್ಟುಕೊಂಡಿದ್ದವನು ಹಾಲಿನ ವ್ಯಾಪಾರಿ. ಹಿಂದಿನ ಸೀಟು ತೆಗೆದು ಕ್ಯಾನು ಕಟ್ಟಲು ಕಬ್ಬಿಣದ ಕ್ಯಾರಿಯರ್ ಹಾಕಿಸಿದ್ದ. ಒಬ್ಬನೇ ಕೂರುವ ಗಾಡಿ. ನಿಜ ಹೇಳುತ್ತೇನೆ, ಅದು ನನಗೆ ಇನ್ನೂ ಹಿಡಿಸಿತು. ವಾರವಿಡೀ ಮಂದಿಯ ಕಣ್ಣೊಳಗೆ ಇಣುಕುವವನಿಗೆ ಒಂದು ದಿನ ಯಾರೂ ಜೊತೆಗಿಲ್ಲದಿದ್ದರೆ ಹಿತ. ಈ ಮಾತನ್ನು ನಾನು ಹೆಂಡತಿಗೆ ಹೇಳಲಿಲ್ಲ.

ಚಾಚಾ ಒಳಗಿನಿಂದ ಹಳೆಯ ಕೌದಿಯೊಂದನ್ನು ತಂದು ಮುರುಮಿನ ಮೇಲೆ ಹಾಸಿದರು. "ಬಿಸ್ಮಿಲ್ಲಾ" ಎಂದು, ಕೂಸನ್ನು ಮಲಗಿಸುವ ಹಾಗೆ ಗಾಡಿಯನ್ನು ಅದರ ಮೇಲೆ ಮಲಗಿಸಿದರು. ಎತ್ತುವ ಬಗೆಯನ್ನು ನಾನು ಮೊಬೈಲಿನಲ್ಲಿ ನೋಡಿ ಕಲಿತಿದ್ದೆ, ಮನೆಯಲ್ಲಿ ಯಾರೂ ಇಲ್ಲದಾಗ ಕಬ್ಬಿಣದ ಮಂಚ ಅಡ್ಡ ಹಾಕಿಕೊಂಡು ತಾಲೀಮು ಕೂಡ ಮಾಡಿದ್ದೆ. ಗಾಡಿಗೆ ಬೆನ್ನು ಮಾಡಿ, ಸೀಟಿಗೆ ಸೊಂಟ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಕ್ಯಾರಿಯರ್ ಹಿಡಿದು, ಹಿಂದೆ ಹಿಂದೆ ಹೆಜ್ಜೆ ಹಾಕಿದೆ. ಗಾಡಿ ಎದ್ದು ನಿಂತೇಬಿಟ್ಟಿತು! ಬೇವಿನ ಎಲೆಯಷ್ಟೂ ಭಾರವಿಲ್ಲ ಅನ್ನಿಸಿತು. ಕಬ್ಬಿಣದಿಂದ ಮಾಡಿದ್ದು, ಹಾಲು ಹೊತ್ತು ಊರೂರು ಸುತ್ತಿದ್ದು, ಇಷ್ಟು ಹಗುರ ಹೇಗಿರುತ್ತದೆ ಎಂದು ನಾನು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಚಾಚಾ ಚಪ್ಪಾಳೆ ತಟ್ಟಿದರು.

ಹೆಂಡತಿ ಕೌದಿಯ ಕಡೆ ನೋಡುತ್ತಿದ್ದಳು.

"ಕೌದಿ ಮ್ಯಾಲ ಯಾರರ ಬೀಳ್ತಾರೇನ್ರಿ?" ಅಂದಳು. "ಇದು ಪರೀಕ್ಷಾ ಅಲ್ಲ. ಚಾಚಾ, ಬರೂ ಐತಾರ ಒಂದಿನ ಗಾಡಿ ಕೊಡ್ರಿ. ಎಕಂಬಾಕ ಹೋಗಿ ಬರ್ತೇವಿ. ಅಲ್ಲಿ ನೋಡ್ತೇನಿ."

"ಲೇಜಾವ್ ಬೆಹೆನ್, ಲೇಜಾವ್," ಅಂದರು ಚಾಚಾ. "ಸಂಜೀಕ ವಾಪಸ್ ತರ್ರಿ. ನೀವು ಹೂಂ ಅಂದ್ರ ಸೌದಾ, ಇಲ್ಲಂದ್ರ ಒಂದು ಕಪ್ ಚಹಾ."

ಎಕಂಬಾ ಔರಾದ ತಾಲೂಕಿನಲ್ಲಿದೆ, ಅವಳ ತವರು. ಮದುವೆಯಾದಾಗಿನಿಂದ ಅಲ್ಲಿಗೆ ಹೋಗಿ ಬಂದು ಮಾಡಿದ್ದೇನೆ, ಆದರೆ ಯಾವಾಗಲೂ ಡಾಂಬರಿನ ಮೇಲೆಯೇ. ಆ ಭಾನುವಾರ ಬೆಳಿಗ್ಗೆ ಕ್ವಾಣನನ್ನು ಚಾಚಾನ ಅಂಗಳದಲ್ಲಿ ಬಿಟ್ಟು, ಸಣ್ಣ ಗಾಡಿಯ ಕ್ಯಾರಿಯರ್ ಮೇಲೆ ಜಮಖಾನೆ ಮಡಿಚಿ ಹಾಕಿ, ಅದರ ಮೇಲೆ ಅವಳನ್ನು ಕೂರಿಸಿಕೊಂಡು ಹೊರಟೆ. ಶ್ರಾವಣ ಮುಗಿಯುವ ಹೊತ್ತು. ಹಿಂದಿನ ರಾತ್ರಿ ಒಳ್ಳೆಯ ಮಳೆ ಬಿದ್ದಿತ್ತು, ಬೆಳಿಗ್ಗೆ ಹೊತ್ತಿಗೆ ಆಕಾಶ ತೊಳೆದಿಟ್ಟ ತಟ್ಟೆ. ಮಾಂಜ್ರಾ ನದಿ ತುಂಬಿ ಹರಿಯುತ್ತಿತ್ತು. ಸೇತುವೆಯ ಮೇಲೆ ಗಾಡಿ ಎಷ್ಟು ಮೆತ್ತಗೆ ಹೋಗುತ್ತಿತ್ತೆಂದರೆ ಕೆಳಗೆ ನೀರು ಮೊರೆಯುವುದು ಕೇಳುತ್ತಿತ್ತು. ಇಷ್ಟು ವರ್ಷ ಕ್ವಾಣನ ಗುಡುಗಿನಲ್ಲಿ ಈ ನದಿಗೊಂದು ದನಿಯಿದೆ ಎಂಬುದೇ ನನಗೆ ಗೊತ್ತಾಗಿರಲಿಲ್ಲ. ನದಿ ದಾಟಿದ ಮೇಲೆ ನೆಲ ಕಪ್ಪಾಗುತ್ತ ಹೋಯಿತು. ತೊಗರಿ, ಸೋಯಾ, ಅದರ ನಡುವೆ ಮಳೆ ಕುಡಿದು ಉಬ್ಬಿದ ಎರೆ ಮಣ್ಣು. ಅಷ್ಟು ಕಪ್ಪು, ಅಷ್ಟು ಹಸಿರು, ಎರಡನ್ನೂ ಒಟ್ಟಿಗೆ ಕಂಡು ನಾನು ಗಾಡಿಯ ವೇಗ ತಗ್ಗಿಸಿದೆ.

ಊರು ಇನ್ನೂ ದೂರವಿರುವಾಗಲೇ ಹಿಂದಿನಿಂದ ಹೆಂಡತಿ ಭುಜ ತಟ್ಟಿದಳು. "ಇಲ್ಲೇ ಹೊಳ್ಳಸ್ರಿ. ಅಣ್ಣನ ಹೊಲದ ದಾರಿ ಅದ. ಹತ್ತರ ಆಗ್ತದ."

ಬಂಡಿದಾರಿ ಮೇಲ್ನೋಟಕ್ಕೆ ಒಣಗಿತ್ತು. ಬಿಸಿಲು ಬಿದ್ದು ಮೇಲೊಂದು ಪದರ ಬೂದು ಬಣ್ಣಕ್ಕೆ ತಿರುಗಿತ್ತು. ನಾನು ಬೀದರಿನವನು, ಕೆಂಪು ನೆಲದವನು. ನಮ್ಮಲ್ಲಿ ಎಂಥ ಮಳೆ ಬಂದರೂ ಜಂಬಿಟ್ಟಿಗೆ ನೆಲ ಅದನ್ನು ಕುಡಿದು ಬಾಯಿ ಒರೆಸಿಕೊಳ್ಳುತ್ತದೆ. ಮಳೆ ನಿಂತು ಚಹಾ ಕುಡಿಯುವಷ್ಟರಲ್ಲಿ ದಾರಿ ಗಟ್ಟಿ. ಬಿಸಿಲು ಬಂದಿದೆ ಎಂದರೆ ನೆಲ ಒಣಗಿದೆ ಎಂದೇ ನಮ್ಮ ಲೆಕ್ಕ. ನಾನು ಅದೇ ಲೆಕ್ಕ ಹಿಡಿದು ಗಾಡಿ ಇಳಿಸಿದೆ.

ಸ್ವಲ್ಪ ದೂರ ಹೋಗುವುದರಲ್ಲಿ ಮೇಲಿನ ಪದರ ಹರಿಯಿತು. ಮುಂದಿನ ಗಾಲಿ ಮಣ್ಣನ್ನು ಸುತ್ತಿಕೊಳ್ಳತೊಡಗಿತು. ಸುತ್ತಿಕೊಂಡದ್ದು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಬಿಗಿಯಿತು. ಎಂಜಿನ್ನು ಓಡುತ್ತಿದೆ, ಗಾಲಿ ತಿರುಗುತ್ತಿಲ್ಲ. ಎರಡೂ ಕಾಲು ಊರಿದೆ, ಅವು ಪಾದ ಮುಳುಗುವವರೆಗೆ ಇಳಿದವು. ಗಾಡಿ ದಣಿದ ಎತ್ತಿನ ಹಾಗೆ ಮೆಲ್ಲಗೆ ಒಂದು ಮಗ್ಗುಲಿಗೆ ಒರಗಿತು. ಹೆಂಡತಿ ಮೊದಲೇ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಹುಲ್ಲಿನ ಮೇಲೆ ನಿಂತಿದ್ದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಯೂ ಆಗಿತ್ತು.

"ಎತ್ರಿ," ಅಂದಳು.

"ನಿನಗ ಗೊತ್ತಿತ್ತೇನು ಹೀಂಗಾಗ್ತದಂತ?"

"ಗೊತ್ತಿರಲ್ಲೇನ್ರಿ? ಈ ಮಣ್ಣಾಗ ಹುಟ್ಟೇನಿ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಪರೀಕ್ಷಾ ಹ್ಯಾಂಗ ಆಗ್ತದ?"

ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಗಾಡಿಗೆ ಬೆನ್ನು ಮಾಡಿ ಸೊಂಟ ಒತ್ತಿದೆ. ಗಾಡಿ ಏಳಲಿಲ್ಲ, ನನ್ನ ಕಾಲು ಇಳಿಯಿತು. ಕಾಲು ಕಿತ್ತು ಜಾಗ ಬದಲಿಸಿದೆ. ಕಿತ್ತ ಕಾಲಿನ ಜೊತೆ ಒಂದು ಬುಟ್ಟಿ ಮಣ್ಣು ಎದ್ದು ಬಂತು. ಇನ್ನೊಂದು ಹೆಜ್ಜೆ, ಇನ್ನೊಂದು ಬುಟ್ಟಿ. ಗಾಲಿ, ಎಂಜಿನ್ನು, ಹ್ಯಾಂಡಲ್ಲು ಎಲ್ಲ ಕಡೆಯೂ ಮಣ್ಣು ಕಚ್ಚಿ ಕೂತಿತ್ತು. ಭಾಲ್ಕಿಯಲ್ಲಿ ಎಲೆಯಂತಿದ್ದ ಗಾಡಿ ಇಲ್ಲಿ ಕ್ವಾಣನ ಅಣ್ಣನಾಗಿತ್ತು. ಮತ್ತೆ ಮತ್ತೆ ಒತ್ತಿದೆ. ಸೊಂಟದ ಹಳೆಯ ಜಾಗದಲ್ಲಿ ಕಳಕ್ ಎನ್ನುವ ಮುನ್ಸೂಚನೆ ಬಂದಾಗ ಬಿಟ್ಟುಬಿಟ್ಟೆ. ಕೆಸರಿನಲ್ಲಿ ಹಾಗೆಯೇ ಕೂತೆ. ನನ್ನ ಭಾನುವಾರಗಳು ಮುಗಿದವು ಎಂದು ಗೊತ್ತಾಯಿತು. ಗುಡ್ಡದ ಅಂಚು, ಬಾವಿಯ ಹತ್ತಿರ ಮುಗಿಯುವ ದಾರಿ, ಎಲ್ಲವೂ. ಅಳು ಬಂತು. ಕೆಸರು ಒರೆಸಿಕೊಳ್ಳುವ ನೆಪದಲ್ಲಿ ಮುಖ ಒರೆಸಿಕೊಂಡೆ.

"ನಾ ಎತ್ತಲಾರೆ," ಅಂದೆ. "ಸೋತೆ. ಆತಲ್ಲ?"

ಅವಳು ಗೆದ್ದವಳ ಹಾಗೆ ನಗಬಹುದಿತ್ತು. ನಗಲಿಲ್ಲ. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಳು.

"ಆವತ್ತ ಕುರಿ ಬಂತು, ಮುಖಾ ಮೂಸ್ತು ಅಂತ ಎಲ್ಲಾರ ಮುಂದ ನಕ್ಕೋತ ಹೇಳ್ತೀರಿ," ಅಂದಳು. "ಕುರಿ ಬರಲಾರದಿದ್ರ?"

ನಾನು ಕೈಗೆ ಹತ್ತಿದ ಮಣ್ಣು ಕೆರೆಯತೊಡಗಿದೆ.

"ನಾ ಫೋನ್ ಹಚ್ಚೇ ಹಚ್ಚಿದೆ. ರಿಂಗ್ ಆಗ್ತದ, ಯಾರೂ ಮಾತಾಡಲ್ಲ. ನೀವು ಎಲ್ಲಿ ಹೋಗ್ತೀರಿ ಅಂತ ನನಗ ಗೊತ್ತಿಲ್ಲ. ಯಾವ ದಾರಿ ಅಂತ ಗೊತ್ತಿಲ್ಲ. ಎಲ್ಲಿ ಅಂತ ಹುಡಕಲಿ? ನೀವು ಮನಿಗಿ ಬಂದು ನಕ್ರಿ. ನಾ ಮಾತ್ರ ಇನ್ನಾ ಆ ಫೋನ್ ಹಿಡಕೊಂಡೇ ನಿಂತೇನಿ ನೋಡ್ರಿ."

ಇಪ್ಪತ್ತು ವರ್ಷಕ್ಕೂ ಮೇಲಾಯಿತು ನಮ್ಮ ಸಂಸಾರಕ್ಕೆ. ಅವಳಿಗೆ ಭಯವಾಗುತ್ತದೆ ಎಂದು ನಾನು ಒಂದು ದಿನವೂ ಅಂದುಕೊಂಡಿರಲಿಲ್ಲ. ಮಂದಿಯ ಕಣ್ಣು ನೋಡುವುದೇ ನನ್ನ ಕಸುಬು, ಅವಳ ಕಣ್ಣಿನಲ್ಲಿ ಇಷ್ಟು ತಿಂಗಳು ಕೂತಿದ್ದುದನ್ನು ನಾನು ನೋಡಿರಲಿಲ್ಲ. ಅವಳನ್ನೇ ನೋಡುತ್ತಿದ್ದಾಗ ಅವಳು ತುಟಿಯ ಮೇಲೆ ಬೆರಳಿಟ್ಟು, ನನ್ನ ಬೆನ್ನ ಹಿಂದಕ್ಕೆ ಸನ್ನೆ ಮಾಡಿದಳು.

ಬೀಳುಬಿಟ್ಟ ಹೊಲದಲ್ಲಿ ಚಿಗರಿಗಳು, ಅಂದರೆ ಕೃಷ್ಣಮೃಗಗಳು, ನಿಂತಿದ್ದವು. ಒಂದು ದೊಡ್ಡ ಗಂಡು, ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಿರುಚಿದ ಉದ್ದ ಕೋಡು. ಅದರ ಸುತ್ತ ಕಂದು ಬಣ್ಣದ ಹೆಣ್ಣುಗಳು. ನಮ್ಮನ್ನು ನೋಡಿ ಕಿವಿ ನಿಮಿರಿಸಿದವು. ಆಮೇಲೆ ಓಡಿದವು. ಓಡಿದವು ಅನ್ನುವುದು ಸರಿಯಲ್ಲ, ನೆಲ ಅವನ್ನು ಮೇಲಕ್ಕೆ ಎಸೆಯುತ್ತಿತ್ತು. ಅದೇ ಎರೆ, ಅದೇ ಕೆಸರು. ನಾನು ಒಂದು ಹೆಜ್ಜೆ ಕೀಳಲಾರದೆ ಕೂತಿದ್ದ ನೆಲವನ್ನು ಅವು ಗೊರಸಿನ ತುದಿಯಿಂದ ಮುಟ್ಟಿದಂತೆ ಮಾಡಿ ಮತ್ತೆ ಗಾಳಿಗೆ ಏರುತ್ತಿದ್ದವು. ಒಂದಾದ ಮೇಲೊಂದು ತೊಗರಿಯ ಸಾಲು ದಾಟಿ, ನೆತ್ತಿಯೆತ್ತರಕ್ಕೆ ನೆಗೆದು, ಆಕಾಶಕ್ಕೂ ಹೊಲಕ್ಕೂ ನಡುವೆ ಒಂದು ಕ್ಷಣ ನಿಂತ ಹಾಗೆ ಕಂಡು ಮರೆಯಾದವು. ನನ್ನ ಬಾಯಿ ತೆರೆದೇ ಇತ್ತು. ಬದುಕಿನಲ್ಲಿ ಅಂಥದ್ದನ್ನು ನಾನು ನೋಡಿರಲಿಲ್ಲ. ಕ್ವಾಣನ ಮೇಲೆ ಬಂದಿದ್ದರೆ ಅದರ ಸದ್ದಿಗೆ ಅವು ಹರಿದಾರಿ ದೂರದಲ್ಲೇ ಓಡಿಹೋಗುತ್ತಿದ್ದವು.

"ಸಾಲಿಗಿ ಹೋಗುವಾಗ ದಿನಾ ನೋಡ್ತಿದ್ದೆ," ಅಂದಳು ಅವಳು. ದನಿ ಬೇರೆಯಾಗಿತ್ತು. "ಮದುವ್ಯಾದ ಮ್ಯಾಲ ಇವತ್ತೇ ನೋಡ್ಲಾಕತ್ತೇನಿ."

ಆಮೇಲೆ ಎದ್ದು ಬರಿಗಾಲಲ್ಲಿ ಕೆಸರಿಗಿಳಿದಳು. ಬೇಲಿಯಿಂದ ಒಂದು ಕಟ್ಟಿಗೆ ಮುರಿದು ಮಡ್‌ಗಾರ್ಡಿನೊಳಗಿನ ಮಣ್ಣನ್ನು ಕೆದಕಿ ತೆಗೆದಳು. ಬದುವಿನ ಹುಲ್ಲು ಕಿತ್ತು ತಂದು ಕಾಲಿಡುವ ಕಡೆ ಹಾಸಿದಳು. ನಾನು ಹ್ಯಾಂಡಲ್ ಹಿಡಿದೆ, ಅವಳು ಕ್ಯಾರಿಯರ್ ಹಿಡಿದಳು. ಒಂದೇ ಉಸಿರು ಹಿಡಿದು ಒತ್ತಿದೆವು. ಮಣ್ಣು ಚಪ್ಪರಿಸಿದ ಸದ್ದು ಮಾಡಿ ಗಾಡಿಯನ್ನು ಬಿಟ್ಟುಕೊಟ್ಟಿತು. ಗಾಡಿ ಎದ್ದು ನಿಂತಾಗ ಅವಳ ಗಲ್ಲದ ಮೇಲೆ ಕೆಸರು, ಕೂದಲಲ್ಲಿ ಕೆಸರು, ಸೀರೆಯ ಬಣ್ಣವೇ ಗುರುತು ಹತ್ತದ ಹಾಗೆ ಕೆಸರು. ಮದುವೆಯ ಅರಿಶಿನದ ದಿನ ಕೂಡ ಅವಳು ಅಷ್ಟು ಚೆಂದ ಕಂಡಿರಲಿಲ್ಲ.

"ಹಂಗಾರ ಗಾಡಿ?" ಎಂದು ಮೆಲ್ಲಗೆ ಕೇಳಿದೆ.

"ಚಾಚಾಗ ಹೇಳ್ತೇನಿ," ಅಂದಳು. ತವರಿನಲ್ಲಿ ಉಂಡು ಹೊರಟರೂ ದಾರಿಯುದ್ದಕ್ಕೂ ಆ ಮಾತು ಮತ್ತೆ ತೆಗೆಯಲಿಲ್ಲ.

ಸಂಜೆ ಭಾಲ್ಕಿಯಲ್ಲಿ ಚಾಚಾ ಬೇವಿನ ಕೆಳಗೆ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಗಾಡಿಯ ಮೈ ನೋಡಿದರು, ನಮ್ಮ ಮೈ ನೋಡಿದರು, ಎದ್ದು ನಿಂತರು.

"ಕ್ಯಾ ಹುವಾ ಸಾಬ್? ಪಾಸೋ, ಫೇಲೋ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: "ಫೇಲ್ ಆದ್ರು ಚಾಚಾ. ಇದು ಇವರೊಬ್ಬರಿಂದ ಏಳಲ್ಲ."

ಚಾಚಾ ನನ್ನ ಮುಖ ನೋಡಿ ನಿಟ್ಟುಸಿರು ಬಿಟ್ಟು ಕೀಲಿಗಾಗಿ ಕೈ ಚಾಚಿದರು. ನಾನು ಜೇಬಿನಿಂದ ಕೀಲಿ ತೆಗೆದು ಅವರ ಅಂಗೈ ಮೇಲೆ ಇಡುವುದರಲ್ಲಿದ್ದೆ. ಹೆಂಡತಿ ನಡುವೆ ಬಂದು ನನ್ನ ಮುಷ್ಟಿಯನ್ನು ಮುಚ್ಚಿದಳು. ಅವಳ ಉಗುರುಗಳ ಸಂದಿಯಲ್ಲಿ ಕೆಸರು ಇನ್ನೂ ಹಾಗೇ ಇತ್ತು.

"ಕೀಲಿ ಇರ್ಲಿ," ಅಂದಳು. "ಈ ಕ್ಯಾರಿಯರ್ ಬಿಚ್ಚಿ ಹಿಂದ ಒಂದು ಛಲೋ ಸೀಟ್ ಹಾಕಿಸಿಕೊಡ್ರಿ ಚಾಚಾ. ಬರೂ ಐತಾರದಿಂದ ನಾನೂ ಹೋಗ್ತೇನಿ."